ಹಬ್ಬಕ್ಕೆ ಕೂಡುವ ರಾಯಕೋಟೆ ನಲ್ಲಿಗೆ ಯಾಕೆ ಕೂಡದು?

ರಾಯಕೋಟೆಯಲ್ಲಿ ಹಬ್ಬ ಮುಗಿದ ಮಾರನೇ ದಿನ ದೇವಸ್ಥಾನದ ಜಗಲಿ ಮೇಲೆ ಒಂದು ಕೆಲಸ ನಡೆಯುತ್ತದೆ. ಲೆಕ್ಕ ಓದುವ ಕೆಲಸ. ಉದ್ದನೆಯ ನೋಟ್‌ಬುಕ್ಕು ಬಿಚ್ಚಿ ಯಾರು ಎಷ್ಟು ಕೊಟ್ಟರು, ಹೂವಿಗೆ ಎಷ್ಟು, ತಮಟೆಯವರಿಗೆ ಎಷ್ಟು, ಮೈಕ್ ಸೆಟ್ಟಿಗೆ ಎಷ್ಟು, ಕೈಯಲ್ಲಿ ಉಳಿದದ್ದು ಎಷ್ಟು ಎಂದು ಎಲ್ಲರೆದುರು ಓದುತ್ತಾರೆ. ಓದುವವನ ಬಾಯಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಮಧ್ಯೆ ಯಾರಾದರೂ ತೆಲುಗಿನಲ್ಲಿ ಆಕ್ಷೇಪ ಎತ್ತುತ್ತಾರೆ. ಒಂದು ನೂರು ರೂಪಾಯಿ ಹೊಂದದಿದ್ದರೂ ಜನ ಬಿಡುವುದಿಲ್ಲ. ರಸೀದಿ ಎಲ್ಲಿ ಎಂದು ಕೇಳುತ್ತಾರೆ. ಕೊನೆಗೆ ಮುಂದಿನ ವರ್ಷದ ಮುಖ್ಯಸ್ಥರು ಯಾರು ಅಂತ ಅಲ್ಲೇ ತೀರ್ಮಾನವಾಗುತ್ತದೆ.

ಇದಕ್ಕೆ ರಿಜಿಸ್ಟ್ರೇಷನ್ ಇಲ್ಲ, ಬೋರ್ಡು ಇಲ್ಲ. ಆದರೂ ಸಭೆ ಉಂಟು, ಚಂದಾ ಉಂಟು, ಲೆಕ್ಕ ಉಂಟು, ತಪ್ಪು ಮಾಡಿದವನನ್ನು ಕೇಳುವ ಬಾಯಿ ಉಂಟು. ಒಂದು ಬೀದಿ ಸಂಘಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಅದೇ ಬೀದಿಯ ನಲ್ಲಿಯಲ್ಲಿ ಹತ್ತು ದಿನ ನೀರು ಬಾರದಿದ್ದರೆ ಮಾತ್ರ ಕಥೆಯೇ ಬೇರೆ. ಅನುಕೂಲವಿದ್ದವರು ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಇನ್ನೂ ಅನುಕೂಲವಿದ್ದವರು ಬೋರ್ ಹಾಕಿಸುತ್ತಾರೆ. ಉಳಿದವರು ಕೊಡ ಹಿಡಿದು ಪಕ್ಕದ ಬೀದಿಗೆ ಹೋಗುತ್ತಾರೆ. ತೀರಾ ತಡೆಯಲಾರದೆ ಹೋದಾಗ ಖಾಲಿ ಕೊಡಗಳನ್ನು ರಸ್ತೆಗೆ ಅಡ್ಡ ಇಟ್ಟು ಕೂರುತ್ತಾರೆ. ಬಸ್ಸು ನಿಲ್ಲುತ್ತದೆ, ಪೊಲೀಸರು ಬರುತ್ತಾರೆ, ಯೂನಿಯನ್ ಆಫೀಸಿನವರು ಬಂದು 'ನಾಳೆ ಬಿಡ್ತೀವಿ' ಅನ್ನುತ್ತಾರೆ. ನಾಳೆ ನೀರು ಬರುತ್ತದೆ. ಮುಂದಿನ ತಿಂಗಳು ಮತ್ತೆ ನಿಲ್ಲುತ್ತದೆ. ಹಬ್ಬಕ್ಕೆ ಬಿಚ್ಚಿದ ಆ ನೋಟ್‌ಬುಕ್ಕು ನಲ್ಲಿಗೆ ಬಿಚ್ಚಿಕೊಳ್ಳುವುದಿಲ್ಲ. ಯಾಕೆ?

ಒಬ್ಬೊಬ್ಬನ ಜಮೀನು, ಎಲ್ಲರ ಕೆರೆ

ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಊರ ಮೇಲಿನ ಬೆಟ್ಟದವರೆಗೆ ಹೋಗಬೇಕಾಗುತ್ತದೆ. ಮೈಸೂರಿನ ಮೇಲಿನ ಸೀಮೆಯಿಂದ ಬಾರಾಮಹಲಿಗೆ ಇಳಿಯುವ ಕಣಿವೆ ಕಾಯುತ್ತಿದ್ದ ಕೋಟೆ ಇದು. 1791ರಲ್ಲಿ ಮೇಜರ್ ಗೌಡಿ ಎಂಬ ಇಂಗ್ಲಿಷ್ ಸೇನಾಧಿಕಾರಿ ಟಿಪ್ಪುವಿನ ಕೈಯಿಂದ ಇದನ್ನು ಕಿತ್ತುಕೊಂಡ. ಮರುವರ್ಷದ ಒಪ್ಪಂದದಲ್ಲಿ ಬಾರಾಮಹಲು ಪೂರ್ತಿ ಕಂಪನಿಯ ಪಾಲಾಯಿತು. ಅಲ್ಲಿ ಕಂದಾಯ ನೋಡಿಕೊಳ್ಳಲು ಬಂದವನು ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್. ಅವನ ಕೈಕೆಳಗೆ ಕೆಲಸ ಕಲಿತವನು ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ. ಊರಿನ ಲೆಕ್ಕದಲ್ಲಿ ಒಟ್ಟಾಗಿ ಕಂದಾಯ ಎತ್ತುವ ಬದಲು ಒಬ್ಬೊಬ್ಬ ರೈತನ ಹೆಸರಿಗೆ ಅವನವನ ಹೊಲ ಅಳೆದು ಪಟ್ಟಾ ಕೊಟ್ಟು ನೇರವಾಗಿ ಕಂದಾಯ ಕಟ್ಟಿಸಿಕೊಳ್ಳುವ ರೈತವಾರಿ ಪದ್ಧತಿ ಮೊದಲು ಬೇರು ಬಿಟ್ಟಿದ್ದು ಇದೇ ನೆಲದಲ್ಲಿ, 1792ರಿಂದ 1799ರ ನಡುವೆ.

ರೈತನಿಗೆ ಅದರಿಂದ ಲಾಭವಾಗಲಿಲ್ಲ ಎಂದಲ್ಲ. ನಡುವಿನ ಜಮೀನ್ದಾರ ತಪ್ಪಿದ. ಆದರೆ ಹೊಲ ಒಬ್ಬೊಬ್ಬನದಾದಾಗ ಕೆರೆ ಯಾರದು ಎಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಮೊದಲು ಕೆರೆಯ ಹೂಳೆತ್ತುವುದು, ತೂಬು ಸರಿಪಡಿಸುವುದು, ಏರಿಗೆ ಮಣ್ಣು ಹಾಕುವುದು ಊರಿನ ಕೆಲಸ. ಮನೆಗೊಂದಾಳು ಬರಬೇಕು. ನೀರು ಹಂಚಲು ನೀರಗಂಟಿ, ಅವನಿಗೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಅಂತ ಕಾಳು. ತಮಿಳಿನಲ್ಲಿ ಈ ಏರ್ಪಾಟಿಗೆ ಕುಡಿಮರಾಮತ್ತು ಎನ್ನುತ್ತಾರೆ. ಕಂಪನಿ ಸರ್ಕಾರದಲ್ಲಿ ಕೆರೆಯ ದೊಡ್ಡ ರಿಪೇರಿ ಸರ್ಕಾರದ ಪಾಲಿಗೆ ಹೋಯಿತು, ಸಣ್ಣದು ಊರಿಗೆ ಉಳಿಯಿತು, ಕೊನೆಗೆ ಎರಡೂ ನಡೆಯದೆ ಹೋದವು. ಆಗ 1858ರಲ್ಲಿ ಮದರಾಸು ಸರ್ಕಾರ ಜನರನ್ನು ಕೆರೆ ಕಾಲುವೆ ಕೆಲಸಕ್ಕೆ ಕಡ್ಡಾಯವಾಗಿ ಕರೆಸುವ ಕಾನೂನನ್ನೇ ಮಾಡಿತು. ತಾವಾಗಿ ಬರುತ್ತಿದ್ದವರನ್ನು ಕಾನೂನಿನ ಕೋಲು ತೋರಿಸಿ ಕರೆಯಬೇಕಾಯಿತು ಅಂದರೆ ಒಳಗೆ ಏನು ಮುರಿದಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲಿನದು ನಮ್ಮ ಕಣ್ಣೆದುರೇ ನಡೆದದ್ದು. ತೆರೆದ ಬಾವಿ ಬಂತು, ಪಂಪ್‌ಸೆಟ್ ಬಂತು, ಬೋರ್‌ವೆಲ್ ಬಂತು. ಕೆರೆ ತುಂಬಿದರೂ ಬಿಟ್ಟರೂ ಟೊಮೆಟೊ ಗಿಡಕ್ಕೆ ಹನಿ ಪೈಪಿನಲ್ಲಿ ನೀರು ಹೋಗುತ್ತದೆ ಎಂದಾದ ಮೇಲೆ ತೂಬಿನ ಕಡೆ ಯಾರು ನೋಡುತ್ತಾರೆ? ಕೆರೆಯಂಗಳದ ಮೇಲೆ ಕಣ್ಣು ಬಿದ್ದದ್ದು ಬೇರೆಯವರದು. ಹೊಸೂರು ಬೆಳೆದು ಬೆಂಗಳೂರಿಗೆ ಅಂಟಿಕೊಂಡ ಮೇಲೆ ಸೈಟು ಹಾಕುವವರಿಗೆ ರಾಯಕೋಟೆ ರಸ್ತೆಯೂ ದೂರವಲ್ಲ.

2017ರಲ್ಲಿ ತಮಿಳುನಾಡು ಸರ್ಕಾರ ಕುಡಿಮರಾಮತ್ತು ಎಂಬ ಹಳೇ ಹೆಸರಿನಲ್ಲೇ ಹೊಸ ಯೋಜನೆ ತಂದಿತು. ಕೆರೆ ಕೆಲಸದ ಹಣದಲ್ಲಿ ನೂರಕ್ಕೆ ಹತ್ತು ಪಾಲು ಆಯಕಟ್ಟಿನ ರೈತರ ಸಂಘದ್ದು. ಅದನ್ನು ದುಡ್ಡಿನಲ್ಲೂ ಕೊಡಬಹುದು, ಸಾಮಾನಿನಲ್ಲೂ ಕೊಡಬಹುದು, ಮೈಮುರಿದ ದುಡಿಮೆಯಲ್ಲೂ ಕೊಡಬಹುದು. ಕಾಗದದ ಮೇಲೆ ಚೆಂದ. ಆದರೆ ಇಂಥ ಯೋಜನೆಯಲ್ಲಿ ಮೊದಲು ನೋಡಬೇಕಾದದ್ದು ಆ ರೈತರ ಸಂಘ ಯಾವಾಗ ಹುಟ್ಟಿತು ಎಂಬುದನ್ನು. ಟೆಂಡರಿಗಾಗಿ ಹುಟ್ಟಿದ ಸಂಘ ಬಿಲ್ ಪಾಸಾದ ದಿನ ಮುಗಿಯುತ್ತದೆ. ಮೊದಲಿನಿಂದ ಒಟ್ಟಿಗೆ ಕೂತು ಜಗಳವಾಡಿ ಅಭ್ಯಾಸವಿದ್ದ ಊರಿನಲ್ಲಿ ಮಾತ್ರ ಆ ಹತ್ತು ಪಾಲಿಗೆ ಅರ್ಥವುಂಟು.

ಹಲ್ಲು ಕೆಂಪಾದವರ ನೀರು

ಕುಡಿಯುವ ನೀರಿನ ವಿಷಯ ಬಂದರೆ ಈ ಸೀಮೆಗೆ ತನ್ನದೇ ಒಂದು ನೋವುಂಟು. ಧರ್ಮಪುರಿ, ಕೃಷ್ಣಗಿರಿ ಎರಡೂ ಜಿಲ್ಲೆಗಳ ನೆಲದಡಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಬೋರ್ ಆಳಕ್ಕೆ ಹೋದಷ್ಟೂ ಅದರ ಕಾಟ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ದಾಟಬಾರದು ಎಂಬುದು ನಿಯಮ. ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲಿನ ಮೇಲೆ ಕಂದು ಗೆರೆ ಏಳುತ್ತದೆ. ವಯಸ್ಸಾದಂತೆ ಕೀಲು ಬಿಗಿದು ಬೆನ್ನು ಬಗ್ಗುತ್ತದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂಡೆಗೆ ರಾಜ್ಯದ ಗಡಿ ಗೊತ್ತಿಲ್ಲ.

ಅದಕ್ಕೆ ಪರಿಹಾರವಾಗಿ ಬಂದದ್ದು ಹೊಗೇನಕಲ್ ಕುಡಿಯುವ ನೀರಿನ ಯೋಜನೆ. ಜಪಾನಿನ ಸಾಲದ ನೆರವಿನಿಂದ ಎರಡೂ ಜಿಲ್ಲೆಗಳ ಊರುಗಳಿಗೆ ಕಾವೇರಿ ನೀರು ಕೊಡುವ ಈ ಯೋಜನೆಗೆ 2008ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕರ್ನಾಟಕದಲ್ಲಿ ಪ್ರತಿಭಟನೆ ಎದ್ದಿತು. ತಮಿಳುನಾಡಿನಲ್ಲಿ ಅದಕ್ಕೆ ಪ್ರತಿಯಾಗಿ ಇನ್ನೊಂದು ಎದ್ದಿತು. ಆ ಏಪ್ರಿಲ್ ಮೊದಲ ವಾರ, ಕರ್ನಾಟಕದ ವಿಧಾನಸಭಾ ಚುನಾವಣೆ ಮುಗಿಯುವವರೆಗೆ ಯೋಜನೆ ನಿಲ್ಲಿಸಿರುವುದಾಗಿ ಮುಖ್ಯಮಂತ್ರಿ ಕರುಣಾನಿಧಿ ಹೇಳಿದರು. ಕೊನೆಗೆ 2013ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಜಯಲಲಿತಾ ಅದನ್ನು ಉದ್ಘಾಟಿಸಿದರು.

ಆ ಗದ್ದಲದಲ್ಲಿ ಒಬ್ಬನನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡುವ, ಪಟ್ಟಾದಲ್ಲಿ ತಮಿಳು ಓದುವ, ಫ್ಲೋರೈಡಿನ ಬೋರ್ ನೀರನ್ನೇ ಕುಡಿಯುವ ರಾಯಕೋಟೆ, ಕೆಲಮಂಗಲ, ತಳಿ ಕಡೆಯ ರೈತನನ್ನು. ಬೆಂಗಳೂರಿನಲ್ಲಿ ಅವನ ಭಾಷೆಯ ಹೆಸರಿನಲ್ಲಿ, ಚೆನ್ನೈನಲ್ಲಿ ಅವನ ಬಾಯಾರಿಕೆಯ ಹೆಸರಿನಲ್ಲಿ ಮಾತು ನಡೆಯಿತು. ಅವನು ಮಾತಾಡಿದ್ದು ಎಲ್ಲೂ ದಾಖಲಾಗಲಿಲ್ಲ. ಯಾವ ಕಡೆ ಸರಿ ಎಂದು ಇಲ್ಲಿ ತೀರ್ಪು ಕೊಡಲು ಹೊರಟಿಲ್ಲ. ಊರಿನ ಮಾತು ಊರಿನಿಂದಲೇ ಬರೆದ ಕಾಗದದಲ್ಲಿ ಹೋಗದಿದ್ದರೆ ಬೇರೆಯವರು ಅದನ್ನು ತಮಗೆ ಬೇಕಾದಂತೆ ಆಡುತ್ತಾರೆ ಎಂಬುದಕ್ಕೆ ಇದನ್ನು ಹೇಳಬೇಕಾಯಿತು.

ರಾತ್ರಿ ಪಾಳಿ

ಹಾಗಂತ ಇಲ್ಲಿನ ಜನ ಕೂಡುವುದೇ ಇಲ್ಲ ಎನ್ನುವಂತಿಲ್ಲ. ರಾಗಿ ತೆನೆ ಬಲಿಯುವ ಹೊತ್ತಿಗೆ ಬಂದು ನೋಡಬೇಕು. ಬನ್ನೇರುಘಟ್ಟದ ಕಡೆಯಿಂದ ಹೊರಟ ಆನೆ ಹಿಂಡು ಜವಳಗಿರಿ, ದೇಂಕಣಿಕೋಟೆ, ನೊಗನೂರು ದಾಟಿ ಊಡೇದುರ್ಗ, ಸಾನಮಾವು ಕಾಡಿಗೆ ಬಂದು ಬೀಡು ಬಿಡುತ್ತದೆ. ಹಗಲು ಕಾಡು, ರಾತ್ರಿ ಹೊಲ. ಆ ತಿಂಗಳುಗಳಲ್ಲಿ ಊರವರು ಅಟ್ಟಣೆ ಕಟ್ಟಿ ಸರದಿಯ ಮೇಲೆ ಕಾಯುತ್ತಾರೆ. 'ಅಣ್ಣಾ, ನಿಮ್ ಹೊಲದ ಕಡೆ ತಿರುಗ್ತು ನೋಡು' ಅಂತ ಫೋನಿನಲ್ಲಿ ಕೂಗು ಹೋಗುತ್ತದೆ. ಕೂಗುವವನು ಕನ್ನಡದವನೋ ತೆಲುಗಿನವನೋ, ಯಾವ ಜಾತಿ, ಯಾವ ಪಾರ್ಟಿ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಅರಣ್ಯ ಇಲಾಖೆಯ ಕಾವಲುಗಾರರಿಗೂ ಮೊದಲ ಸುದ್ದಿ ಅನೇಕ ಸಲ ಇವರಿಂದಲೇ.

ಕೂಡದೆ ಒಬ್ಬೊಬ್ಬನೇ ಬೇಲಿಗೆ ಕರೆಂಟು ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಈ ಸೀಮೆ ನೋಡಿದೆ. 2023ರ ಮಾರ್ಚ್ 7ರಂದು ಪಕ್ಕದ ಮಾರಂಡಹಳ್ಳಿ ಕಡೆ ಹೊಲವೊಂದರ ಅಕ್ರಮ ವಿದ್ಯುತ್ ಬೇಲಿಗೆ ಸಿಕ್ಕಿ ಮೂರು ಆನೆಗಳು ಒಂದೇ ರಾತ್ರಿ ಸತ್ತವು. ಎರಡು ಮರಿಗಳು ಮಾತ್ರ ಉಳಿದವು. ಅದೇ ವರ್ಷ ಸರ್ಕಾರ ವಿದ್ಯುತ್ ಬೇಲಿಗಳನ್ನು ನೋಂದಾಯಿಸಬೇಕೆಂದು ನಿಯಮ ತಂದಿತು. ಆನೆ ಸತ್ತದ್ದು ಒಂದು ದುಃಖವಾದರೆ, ಅಂಥ ತಂತಿಗೆ ಕತ್ತಲಲ್ಲಿ ನೀರು ಕಟ್ಟಲು ಹೋದ ಪಕ್ಕದ ಹೊಲದವನೇ ಸಿಕ್ಕಿಕೊಳ್ಳುವ ಭಯ ಇನ್ನೊಂದು. ಆನೆಗೆ ಹಾಕಿದ ತಂತಿ ಮನುಷ್ಯನನ್ನು ಗುರುತು ಹಿಡಿಯುವುದಿಲ್ಲ.

ಅಂದರೆ ಕೂಡುವುದು ಗೊತ್ತಿದೆ. ಕೂಡಿದ್ದನ್ನು ಕಾಗದಕ್ಕೆ ಇಳಿಸುವುದರಲ್ಲಿ ನಾವು ಹಿಂದೆ. ಬೆಳೆ ಹಾಳಾದದ್ದಕ್ಕೆ ಪರಿಹಾರ ಕೇಳಲು ಹೋದಾಗ ಪ್ರತಿಯೊಬ್ಬನೂ ಒಬ್ಬೊಬ್ಬನಾಗಿ ವಿ.ಎ.ಓ. ಹತ್ತಿರ, ಅರಣ್ಯ ಇಲಾಖೆ ಹತ್ತಿರ, ಅಲ್ಲಿಂದ ಇನ್ನೊಂದು ಮೇಜಿನ ಹತ್ತಿರ ಅಲೆಯುತ್ತಾನೆ. ರಾತ್ರಿ ಇಪ್ಪತ್ತು ಜನ ಒಟ್ಟಿಗೆ ಓಡಿಸಿದ ಆನೆಗೆ ಬೆಳಿಗ್ಗೆ ಇಪ್ಪತ್ತು ಬೇರೆ ಬೇರೆ ಅರ್ಜಿ!

ಗ್ರಾಮಸಭೆಯ ಬೆಂಚು

ರಾಯಕೋಟೆ ಊರು ದೊಡ್ಡದಾದರೂ ಆಡಳಿತದ ಲೆಕ್ಕದಲ್ಲಿ ಕೆಲಮಂಗಲ ಯೂನಿಯನ್‌ಗೆ ಸೇರಿದ ಗ್ರಾಮ ಪಂಚಾಯಿತಿ. ಆದ್ದರಿಂದ ಇಲ್ಲಿನವರಿಗೆ ಗ್ರಾಮಸಭೆಯ ಹಕ್ಕುಂಟು. 1994ರ ತಮಿಳುನಾಡು ಪಂಚಾಯಿತಿ ಕಾಯ್ದೆ ಬಂದ ಮೇಲೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಎಂದು ನಾಲ್ಕು ದಿನ ಗ್ರಾಮಸಭೆಗೆ ರೂಢಿಯಾಯಿತು. ಆಮೇಲೆ ಮಾರ್ಚ್ 22ರ ನೀರಿನ ದಿನ, ನವೆಂಬರ್ 1ರ ಸ್ಥಳೀಯ ಆಡಳಿತ ದಿನ ಸೇರಿ ವರ್ಷಕ್ಕೆ ಆರಾಯಿತು. ನವೆಂಬರ್ 1 ನಮಗೆ ರಾಜ್ಯೋತ್ಸವ. ಅವತ್ತು ಬಾವುಟ ಹಾರಿಸಲು ಹೊಸೂರಿನಾಚೆ ಅತ್ತಿಬೆಲೆ ಕಡೆ ಹೋಗುವವರು ತಮ್ಮೂರಿನ ಗ್ರಾಮಸಭೆಗೂ ಒಂದು ಗಳಿಗೆ ಕೂತು ಹೋದರೆ ನಷ್ಟವೇನಿಲ್ಲ.

ಸಭೆಗೆ ಕೋರಂ ಉಂಟು. ಐನೂರು ಜನಸಂಖ್ಯೆಯ ಪಂಚಾಯಿತಿಗೆ 50 ಜನ, ಮೂರು ಸಾವಿರದವರೆಗೆ 100, ಹತ್ತು ಸಾವಿರದವರೆಗೆ 200, ಅದರ ಮೇಲೆ 300. ದೊಡ್ಡ ಊರುಗಳಲ್ಲಿ ಇಷ್ಟು ಜನ ಕೂರುವುದು ಅಪರೂಪ. ಬಂದವರಲ್ಲೂ ಹೆಚ್ಚಿನವರು ನೂರು ದಿನದ ಕೆಲಸದ ಹೆಂಗಸರು. ಮಂಡಿಯವರು, ಅಂಗಡಿಯವರು, ಎರಡೆಕರೆ ಟೊಮೆಟೊ ಹಾಕಿದವರು 'ಅದೆಲ್ಲ ಪಾರ್ಟಿಯವರ ಸಭೆ ಬಿಡಿ ಸಾರ್' ಎಂದು ಮೂಗು ಮುರಿದು ಹೋಗುತ್ತಾರೆ. ಅದೇ ಜನ ಮಾರನೇ ದಿನ ಮಂಡಿಯ ಮುಂದಿನ ಚರಂಡಿ ತುಂಬಿದೆ ಎಂದು ಬೈಯುತ್ತಾರೆ. ಯಾರು ಬರುವುದಿಲ್ಲವೋ ಅವರ ಬೀದಿಯ ಹೆಸರು ಪುಸ್ತಕದಲ್ಲಿ ಬರುವುದಿಲ್ಲ, ಇಷ್ಟು ಸಾದಾ ವಿಷಯ.

ಬಂದ ಹೆಂಗಸರನ್ನು ಕಡೆಗಣಿಸುವಂತೆಯೂ ಇಲ್ಲ. ತಮಿಳುನಾಡಿನ ಮಹಿಳಾ ಸ್ವಸಹಾಯ ಗುಂಪುಗಳ ಯೋಜನೆ ಶುರುವಾದದ್ದು ಇಡೀ ರಾಜ್ಯದಲ್ಲಿ ಮೊದಲು ಧರ್ಮಪುರಿ ಜಿಲ್ಲೆಯಲ್ಲಿ, 1989ರಲ್ಲಿ, ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ. ಆಗ ರಾಯಕೋಟೆಯೂ ಧರ್ಮಪುರಿ ಜಿಲ್ಲೆಯೇ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಅಂದರೆ ವಾರವಾರ ಕೂತು ಉಳಿತಾಯ ಹಾಕಿ, ಸಾಲ ಕೊಟ್ಟು, ನಡಾವಳಿ ಬರೆದು ಸಹಿ ಮಾಡುವ ಅಭ್ಯಾಸದಲ್ಲಿ ಈ ಸೀಮೆಯ ಹೆಂಗಸರು ರಾಜ್ಯಕ್ಕೇ ಹಿರಿಯಕ್ಕಂದಿರು. ಹಬ್ಬದ ಲೆಕ್ಕ ಗಂಡಸರ ಕೈಯಲ್ಲಿ, ಸಂಘದ ಲೆಕ್ಕ ಹೆಂಗಸರ ಕೈಯಲ್ಲಿ. ನಲ್ಲಿಯ ಲೆಕ್ಕ ಯಾರಿಗೆ ಕೊಡಬೇಕು ಎಂದು ಕೇಳಿದರೆ ಈ ಲೇಖಕನ ಉತ್ತರ ಸಿದ್ಧವಿದೆ.

ಇನ್ನು ಭಾಷೆಯ ವಿಷಯ. ಅರ್ಜಿಗೆ ತಮಿಳಿನಲ್ಲಿ 'ಮನು'. ನಮ್ಮ ತೀರ್ಮಾನ ಬರೀ ನಿರ್ಧಾರ. ಅವರ 'ತೀರ್ಮಾನಂ' ಎಂದರೆ ಸಭೆಯ ಠರಾವು. ಎಲ್ಲಕ್ಕಿಂತ ಎಚ್ಚರ ಬೇಕಾದ್ದು 'ಏರಿ' ಎಂಬ ಮಾತಿನಲ್ಲಿ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. 'ಏರಿ ಮೇಲೆ ಮನೆ ಕಟ್ಟಿದ್ದಾರೆ' ಎಂದು ನಾವು ಹೇಳುವುದು ಒಂದು, ಆಫೀಸಿನಲ್ಲಿ ಬರೆದುಕೊಳ್ಳುವುದು ಇನ್ನೊಂದು. ಕಟ್ಟೆಗೆ ತಮಿಳಿನಲ್ಲಿ 'ಕರೈ' ಎಂದೇ ಬರೆಯಬೇಕು. ಇಂಥ ಒಂದು ಪದದಿಂದ ಸರ್ವೆಯವರು ತಪ್ಪು ಜಾಗಕ್ಕೆ ಟೇಪು ಹಿಡಿದರೆ ಮತ್ತೆ ಆರು ತಿಂಗಳು.

ಕನ್ನಡದಲ್ಲೇ ಅರ್ಜಿ ಬರೆದರೆ ತಗೊಳ್ಳುತ್ತಾರೆಯೇ ಎಂದು ಕೇಳುವವರುಂಟು. ಸಂವಿಧಾನದ 350ನೇ ವಿಧಿ ಈ ಬಗ್ಗೆ ನೇರವಾಗಿದೆ. ತನ್ನ ಕುಂದುಕೊರತೆಯನ್ನು ಕೇಂದ್ರದ್ದಾಗಲಿ ರಾಜ್ಯದ್ದಾಗಲಿ ಯಾವ ಅಧಿಕಾರಿಗಾದರೂ, ಆಯಾ ಕಡೆ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕೃಷ್ಣಗಿರಿ ಜಿಲ್ಲೆಯಲ್ಲಿ ಕನ್ನಡ ಬಳಕೆಯ ಭಾಷೆಯಲ್ಲ ಎನ್ನುವ ಧೈರ್ಯ ಯಾರಿಗೂ ಇರಲಾರದು. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ಈ ಸಲಿಗೆ ಇಲ್ಲ. 2005ರ ಆ ಕಾಯ್ದೆಯಲ್ಲಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆ ಎಂದಿದೆ, ಇಲ್ಲಿ ತಮಿಳು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು.

ಹಕ್ಕು ಇದೆ ಎಂದ ಮಾತ್ರಕ್ಕೆ ಹಟ ಹಿಡಿಯುವುದು ಜಾಣತನವಲ್ಲ. ಕೆಲಸ ಬೇಗ ಆಗಬೇಕಾದರೆ ಮೇಲೆ ತಮಿಳು, ಕೆಳಗೆ ಕನ್ನಡ, ಎರಡರಲ್ಲೂ ಬರೆದು ಕೊಡಿ. ತಮಿಳು ಆಫೀಸಿಗೆ, ಕನ್ನಡ ಸಹಿ ಹಾಕುವ ಅಜ್ಜಿಗೆ. ತಾನು ಯಾವುದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆ ಎಂದು ಆಕೆಗೆ ಓದಿ ಹೇಳಿದರೆ ನಾಳೆ ಯಾರು ಬಂದು ಕೇಳಿದರೂ ಆಕೆ ಹಿಂದೆ ಸರಿಯುವುದಿಲ್ಲ. ಕಾಗದದಲ್ಲಿ ಬೈಗುಳ ಬೇಡ, ಹಾಡುಹೊಗಳಿಕೆಯೂ ಬೇಡ. ಯಾವ ಬೀದಿ, ಎಷ್ಟು ಮನೆ, ಯಾವ ತಾರೀಖಿನಿಂದ ನೀರಿಲ್ಲ, ಪೈಪು ಎಲ್ಲಿ ಒಡೆದಿದೆ. ಇಷ್ಟಿದ್ದರೆ ಸಾಕು. ಗ್ರಾಮಸಭೆಯಲ್ಲಿ ಬಾಯಲ್ಲಿ ಹೇಳಿ ಬರಬೇಡಿ. ತೀರ್ಮಾನದ ಪುಸ್ತಕದಲ್ಲಿ ಬರೆಯುವವರೆಗೆ ಎದುರಿಗೇ ನಿಂತು, ನಂಬರ್ ಕೇಳಿ ಬರೆದುಕೊಳ್ಳಿ. ಅದೇ ನಂಬರ್ ಹಾಕಿ ಸೋಮವಾರ ಕಲೆಕ್ಟರ್ ಆಫೀಸಿನ ಕುಂದುಕೊರತೆ ದಿನಕ್ಕೆ ಒಂದು ಪ್ರತಿ. ಕೆರೆ ಒತ್ತುವರಿಯೋ ಪಟ್ಟಾ ತಕರಾರೋ ಆದರೆ ವರ್ಷಕ್ಕೊಮ್ಮೆ ತಾಲ್ಲೂಕಿನ ಜಮಾಬಂದಿಗೆ. ಕೊಟ್ಟ ಪ್ರತಿಯೊಂದಕ್ಕೂ ರಸೀದಿ ಕೇಳುವುದು ಮರೆಯಬಾರದು. ಹಬ್ಬದ ಲೆಕ್ಕದಲ್ಲಿ ಕೇಳುವ ಹಾಗೇ.

ಈ ಮಾತನ್ನು ಈಗ ಒತ್ತಿ ಹೇಳಲು ಕಾರಣವುಂಟು. 2019ರ ಡಿಸೆಂಬರ್‌ನಲ್ಲಿ ಆರಿಸಿದ ಪಂಚಾಯಿತಿ ಸದಸ್ಯರ ಅವಧಿ ಕೃಷ್ಣಗಿರಿ ಸೇರಿದಂತೆ 27 ಜಿಲ್ಲೆಗಳಲ್ಲಿ 2025ರ ಜನವರಿ 5ಕ್ಕೆ ಮುಗಿಯಿತು. ಹೊಸ ಚುನಾವಣೆ ಹೊತ್ತಿಗೆ ಸರಿಯಾಗಿ ಆಗದೆ ಆಡಳಿತ ವಿಶೇಷಾಧಿಕಾರಿಗಳ ಕೈಗೆ ಹೋಯಿತು. ವಾರ್ಡ್ ಮೆಂಬರ್ ಅಂದರೆ ಎಂಥವನಾದರೂ ನಮ್ಮ ಬೀದಿಯವನು. ಬೆಳಿಗ್ಗೆ ಹಾಲು ತರಲು ಹೋದಾಗ ಸಿಗುತ್ತಾನೆ, 'ಏನಪ್ಪಾ ಲೈಟು ಹತ್ತಿಲ್ವಲ್ಲ' ಅಂತ ಗದರಬಹುದು. ವಿಶೇಷಾಧಿಕಾರಿಯನ್ನು ಹಾಗೆ ಗದರಿಸುವಂತಿಲ್ಲ. ಒಬ್ಬರಿಗೆ ಹತ್ತಾರು ಊರುಗಳ ಹೊರೆ. ಅವರಿಗೆ ಕಾಣುವುದು ಫೈಲು ಮಾತ್ರ. ಆರಿಸಿದವರು ಇಲ್ಲದ ಹೊತ್ತಿನಲ್ಲಿ ಬೀದಿಯ ಬಾಯಿ ಎಂದರೆ ಬೀದಿಯ ಸಂಘವೇ.

ಬೇಕಾದರೆ ಸಂಘವನ್ನು ನೋಂದಾಯಿಸಲೂಬಹುದು. 1975ರ ತಮಿಳುನಾಡು ಸಂಘಗಳ ಕಾಯ್ದೆಯಡಿ ಏಳು ಜನ ಸೇರಿದರೆ ಆಯಿತು. ಹೊಸೂರಿನ ಹೊಸ ಬಡಾವಣೆಗಳಲ್ಲಿ ಕಾಣುವ 'ಕುಡಿಯಿರುಪ್ಪೋರ್ ನಲ ಸಂಗಂ' ಎಂಬ ಬೋರ್ಡುಗಳು ಈ ಬಗೆಯವು. ವರ್ಷವರ್ಷ ಲೆಕ್ಕ ಸಲ್ಲಿಸಬೇಕು, ಸಭೆ ನಡೆಸಬೇಕು. ಬೋರ್ಡು ಹಾಕಿ ಮರೆತರೆ ಪ್ರಯೋಜನವಿಲ್ಲ. ರಾಯಕೋಟೆಯ ಹಳೇ ಬೀದಿಗಳಿಗೆ ಅಷ್ಟು ದೂರ ಹೋಗುವ ಅವಸರವೂ ಇಲ್ಲ. ಹಬ್ಬದ ನೋಟ್‌ಬುಕ್ಕು ಹೇಗೂ ಇದೆ. ಅದರ ಹಿಂದಿನ ಪುಟದಿಂದ ತಿರುಗಿಸಿ ಬರೆಯಲು ಶುರು ಮಾಡಿದರೆ ನಲ್ಲಿ ನಿಂತ ತಾರೀಖು, ಅರ್ಜಿ ಕೊಟ್ಟ ತಾರೀಖು, ರಸೀದಿ ನಂಬರ್, ಯಾರು ಹೋಗಿದ್ದರು, ಬಸ್ ಚಾರ್ಜು ಎಷ್ಟಾಯಿತು ಎಂಬಷ್ಟಕ್ಕೆ ನಾಲ್ಕು ಪುಟ ಸಾಕಾಗುತ್ತದೆ. ಮುಂದಿನ ಮಾರಿಹಬ್ಬದ ಮಾರನೇ ದಿನ ಜಗಲಿ ಮೇಲೆ ಹೂವಿನ ಲೆಕ್ಕ ಮುಗಿದ ಕೂಡಲೇ ಪುಸ್ತಕ ತಿರುವಿ ಆ ನಾಲ್ಕು ಪುಟವನ್ನೂ ಓದಲಿ. ಆಕ್ಷೇಪ ಯಾವ ಭಾಷೆಯಲ್ಲಿ ಎದ್ದರೂ ಉತ್ತರ ಕೊಡುವವರು ಅಲ್ಲಿ ಇದ್ದೇ ಇರುತ್ತಾರೆ.